ಬೆಕ್ಕಿಗೂ ಅಣ್ಣನಿಗೂ ಒಂದೇ ಕಾಯಿಲೆ

ಇತ್ತೀಚೆಗೆ ನನಗೊಂದು ಕೆಟ್ಟ ಚಾಳಿ ಹತ್ತಿಕೊಂಡಿದೆ. ಯಾರ ಮನೆಗೆ ಹೋದರೂ ಅವರು ನೀರು ಕುಡಿಯುವುದನ್ನೇ ನೋಡುತ್ತ ಕೂರುತ್ತೇನೆ. ಮಾತು ಮಳೆ, ಕೊಬ್ಬರಿ ರೇಟು, ಯಾರದೋ ಮದುವೆ ಅಂತ ಎಲ್ಲೆಲ್ಲೋ ಹೋಗುತ್ತಿರುತ್ತದೆ. ನನ್ನ ಕಣ್ಣು ಮಾತ್ರ ಅವರ ಲೋಟದ ಮೇಲೆ. ಮೊನ್ನೆ ಗುಬ್ಬಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆವು. ಎದುರು ಸಾಲಿನ ಅಪರಿಚಿತರೊಬ್ಬರು ಹೋಳಿಗೆ ಬರುವ ಮೊದಲೇ ತಮ್ಮ ಬಾಟಲಿ ಮುಗಿಸಿ ಪಕ್ಕದವರ ಬಾಟಲಿಗೂ ಕೈ ಹಾಕಿದರು. ನನಗೆ ತಡೆಯಲಾಗಲಿಲ್ಲ. "ಶುಗರ್ ಚೆಕ್ ಮಾಡಿಸಿದೀರಾ ಸಾರ್?" ಎಂದುಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರು ಖಾರ ಕಣ್ರೀ" ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಮಂಗಳ ಮೇಜಿನ ಅಡಿಯಲ್ಲಿ ನನ್ನ ತೊಡೆ ಚಿವುಟಿದಳು.

ಈ ಚಾಳಿ ಕಲಿಸಿದ್ದು ಒಂದು ಬೆಕ್ಕು. ಹೆಸರು ಗಿಟುಕ. ಕೊಬ್ಬರಿಯ ಹೋಳನ್ನು ನಮ್ಮ ಕಡೆ ಗಿಟುಕು ಎನ್ನುತ್ತೇವೆ. ಬೆನ್ನು ಕಂದು, ಹೊಟ್ಟೆ ಅಚ್ಚ ಬಿಳಿ. ಬೇರೆ ಹೆಸರೇ ತೋಚಲಿಲ್ಲ. ಕಡಬದ ತೋಟದಿಂದ ನಮ್ಮಣ್ಣ ರಂಗಣ್ಣ ಒಂದು ಸಲ ತುಮಕೂರಿನ ನಮ್ಮ ಮನೆಗೆ ಒಂದು ಚೀಲ ತೆಂಗಿನಕಾಯಿ ಕಳಿಸಿದ್ದ. ಚೀಲ ಬಿಚ್ಚಿದರೆ ಕಾಯಿಗಳ ಸಂದಿಯಲ್ಲಿ ಅಂಗೈಯಗಲದ ಒಂದು ಮರಿ ಕೂತು ನಮ್ಮನ್ನೇ ತಪ್ಪಿತಸ್ಥರ ಹಾಗೆ ನೋಡುತ್ತಿತ್ತು. ಅಣ್ಣನಿಗೆ ಫೋನ್ ಮಾಡಿದೆ.

"ನಾನ್ ಹಾಕಿಲ್ಲ ಕಣ್ಲಾ ಅದನ್ನ. ಅದೇ ಬಂದು ಸೇರ್ಕೊಂಡಿರ್ಬೇಕು. ವಾಪಸ್ ಕಳಿಸ್ಬೇಡ, ಇಲ್ಲಿ ಬೇಜಾನ್ ಅವೆ" ಎಂದ.

ಬೇಜಾನ್ ಇದ್ದದ್ದು ನಿಜ. ನಾವು ಹುಡುಗರಾಗಿದ್ದಾಗ ಕಡಬದ ಮನೆಯಲ್ಲಿ ಬೆಕ್ಕುಗಳಿಗೆ ಹೆಸರೇ ಇರಲಿಲ್ಲ. ಅಟ್ಟದ ಮೇಲೆ ಕಾಯಿ ಹಾಕಿರುತ್ತಿದ್ದರು. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಬೇಕು, ಅಷ್ಟು ಕಾಲ ಇಲಿಗಳಿಂದ ಕಾಪಾಡಬೇಕು. ಅದಕ್ಕೇ ಬೆಕ್ಕು. "ಬೆಕ್ಕಿಗೆ ಹೊಟ್ಟೆ ತುಂಬ ಇಕ್ಕಿದ್ರೆ ಅಟ್ಟ ಹತ್ತಕಿಲ್ಲ" ಎಂದು ಅವ್ವ ಅವಕ್ಕೆ ಹಾಲಿನ ಪಾತ್ರೆ ತೊಳೆದ ನೀರನ್ನಷ್ಟೇ ಇಡುತ್ತಿದ್ದಳು. ನಾನೂ ಅಣ್ಣನೂ ಅಟ್ಟದ ಕೆಳಗೆ ಒಂದೇ ಕಂಬಳಿಯಲ್ಲಿ ಮಲಗಿರುತ್ತಿದ್ದೆವು. ಮೇಲೆ ಬೆಕ್ಕು ಓಡಿದರೆ ಕಾಯಿ ಉರುಳುತ್ತಿತ್ತು. ಒಣಗಿದ ಕಾಯಿಯಾದರೆ ಒಳಗಿನ ಕೊಬ್ಬರಿ ಲೊಡಲೊಡ ಎನ್ನುತ್ತಿತ್ತು, ಹಸಿಯದಾದರೆ ದಡ್ ಎಂದು ಸುಮ್ಮನಾಗುತ್ತಿತ್ತು. ಅಣ್ಣ ಕಣ್ಣು ಮುಚ್ಚಿಕೊಂಡೇ "ಇದು ಆಗೈತೆ, ಇದು ಆಗಿಲ್ಲ" ಎಂದು ತೀರ್ಪು ಕೊಡುತ್ತಿದ್ದ. ಬೆಕ್ಕಿಗೆ ಕಾಯಿಲೆ ಬರುತ್ತದೆ ಎಂಬ ಕಲ್ಪನೆಯೇ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆದ್ದರಿಂದ ಗಿಟುಕನಿಗೆ ಹದಿನಾಲ್ಕು ದಾಟಿದ ಮೇಲೆ ಅವನು ವಿಪರೀತ ನೀರು ಕುಡಿಯತೊಡಗಿದಾಗ ನಾನು ಸಂತೋಷವನ್ನೇ ಪಟ್ಟೆ. ಬೇಸಿಗೆ, ಕುಡಿಯಲಿ ಅಂದುಕೊಂಡೆ. ಬಟ್ಟಲು ಸಾಲದೆ ಬಚ್ಚಲುಮನೆಯ ಬಕೆಟ್ಟಿಗೆ ಮುಂಗಾಲು ಕೊಟ್ಟು ಕುಡಿಯುವುದು, ನಲ್ಲಿಯ ಕೆಳಗೆ ಕಾಯುತ್ತ ಕೂರುವುದು ಶುರುವಾಯಿತು. ತಿನ್ನುವುದು ಮೊದಲಿಗಿಂತ ಹೆಚ್ಚು, ಮೈ ಮಾತ್ರ ಸೊರಗುತ್ತ ಬಂತು. ಆಮೇಲೆ ನಡಿಗೆ ಕೆಟ್ಟಿತು. ಬೆರಳ ತುದಿಯಲ್ಲಿ ನಡೆಯುವ ಪ್ರಾಣಿ ಹಿಂಗಾಲಿನ ಹಿಮ್ಮಡಿಯನ್ನೂ ನೆಲಕ್ಕೂರಿ, ದೊಡ್ಡ ಅಳತೆಯ ಚಪ್ಪಲಿ ಹಾಕಿಕೊಂಡವರ ಹಾಗೆ ಎಳೆದುಕೊಂಡು ನಡೆಯತೊಡಗಿತು. ಅದನ್ನು ನೋಡಿದ ದಿನ ಮಂಗಳ, "ಇವನನ್ನ ಇವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ" ಎಂದಳು.

ಪಶುವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ಕಿವಿಯ ಅಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ನೋಡಿ, "ಶುಗರ್ ಇದೆ ಸಾರ್" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ದಿನಕ್ಕೆರಡು ಸಲ, ಬೆಳಿಗ್ಗೆ ಸಂಜೆ ಊಟವಾದ ಕೂಡಲೇ ಇನ್ಸುಲಿನ್ ಕೊಡಬೇಕು, ಮನೆಯಲ್ಲಿ ಯಾರಾದರೂ ಕಲಿತುಕೊಳ್ಳಿ ಎಂದರು.

ಯಾರಾದರೂ ಎಂದರೆ ಮಂಗಳ ಎಂದೇ ನಾನು ಲೆಕ್ಕ ಹಾಕಿದ್ದೆ. ಅವಳು ಕುಣಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಸೂಜಿ ಹಿಡಿದೇ ಅವಳ ಅರ್ಧ ಆಯುಸ್ಸು ಕಳೆದಿದೆ. ನಾನಾದರೋ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಸೂಜಿ ಎಂದರೆ ನನಗೆ ಪ್ರಾಣಭಯ. ಮೂರನೇ ಕ್ಲಾಸಿನಲ್ಲಿ ಸೂಜಿ ಹಾಕುವವರು ಬಂದಾಗ ಸ್ಕೂಲಿನ ಕಿಟಕಿ ಹಾರಿ ಕಡಬದ ಕೆರೆ ಏರಿಯವರೆಗೆ ಓಡಿದ್ದೆ. ಅಣ್ಣ ಹಿಂದೆಯೇ ಓಡಿಬಂದು ಹಿಡಿದು, ಹೆಗಲ ಮೇಲೆ ಹೊತ್ತು ತಂದು ಒಪ್ಪಿಸಿದ್ದ. ಅಂಥವನಿಗೆ ನರ್ಸೇ ಗಂಟುಬಿದ್ದದ್ದು ದೇವರ ತಮಾಷೆ ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಆದರೆ ಮಂಗಳ ಬೆಳಿಗ್ಗೆ ಬಸ್ಸಿಗೆ ಓಡುವ ಹೊತ್ತಿಗೆ ಗಿಟುಕ ಊಟ ಮುಗಿಸುತ್ತಿರಲಿಲ್ಲ. ಸಂಜೆ ಅವಳು ಬಂದರೆ ಆ ಆಸ್ಪತ್ರೆಯ ವಾಸನೆಗೆ ಮಂಚದ ಕೆಳಗೆ ಸೇರಿಬಿಡುತ್ತಿದ್ದ. "ನಿಮ್ಮ ಹತ್ರಾನೇ ಬರೋದು. ನೀವೇ ಹಾಕಿ" ಎಂದಳು.

ಮೊದಲ ದಿನ ಕತ್ತಿನ ಹಿಂದಿನ ಚರ್ಮ ಎತ್ತಿ ಚುಚ್ಚಿದೆ. ಗಿಟುಕ ಅಲುಗಾಡಲಿಲ್ಲ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಆಚೆ ಬದಿಯ ಕೂದಲು ಒದ್ದೆಯಾಗಿದ್ದು ಕಂಡಿತು. ಸೂಜಿ ಈ ಕಡೆ ಹೊಕ್ಕು ಆ ಕಡೆ ಬಂದಿತ್ತು. ಎರಡನೆಯ ಸಲ ನನ್ನ ಹೆಬ್ಬೆರಳಿಗೇ ಚುಚ್ಚಿಕೊಂಡೆ. ಮಂಗಳ ಒಂದು ಕಿತ್ತಳೆಹಣ್ಣು ತಂದು ಕೊಟ್ಟು, "ಇದಕ್ಕೆ ಚುಚ್ಚಿ ಕಲೀರಿ. ಇದು ನೋವಾಯ್ತು ಅನ್ನಲ್ಲ" ಎಂದಳು. ನಿಧಾನವಾಗಿ ಕೈ ಕುದುರಿತು.

ಕುದುರದೆ ಹೋದದ್ದು ಮನಸ್ಸು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಿಟುಕ ಮಲಗಿದರೆ ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡುವುದು. ಎದ್ದರೆ ಎಲ್ಲಿಗೆ ಹೋದ ಎಂದು ಹಿಂದೆ ಹೋಗುವುದು. ಪೇಪರ್ ಬಿಡಿಸಿದರೆ ಒಂದು ಸುದ್ದಿಯ ನಡುವೆ ನಾಲ್ಕು ಸಲ ಏಳುವುದು. ನಮ್ಮ ಹಳೆಯ ಮೇಷ್ಟ್ರುಗಳ ಗುಂಪು ಒಮ್ಮೆ ಹುತ್ರಿದುರ್ಗ ಹತ್ತಲು ಹೊರಟಿತು. ಹಟ ಹಿಡಿದು ಕರೆದೊಯ್ದರು. ಅರ್ಧ ಬೆಟ್ಟದಲ್ಲಿ ಎಲ್ಲರೂ ಬಂಡೆಯ ಮೇಲೆ ಕೂತು ಪುಳಿಯೋಗರೆ ಬಿಚ್ಚಿದರು. ನಾನು ಗಡಿಯಾರ ನೋಡಿ ಇಳಿಯಲು ಶುರು ಮಾಡಿದೆ. "ಏನ್ ಸಾರ್, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಒಬ್ಬರು ಕೂಗಿ ಕೇಳಿದರು. ಬೆಕ್ಕಿಗೆ ಎನ್ನಲು ನಾಚಿಕೆಯಾಗಿ "ಹೂಂ, ನಮ್ಮ ಹಿರಿಯರಿಗೆ" ಎಂದೆ. ಬೆಕ್ಕಿನ ಲೆಕ್ಕದಲ್ಲಿ ಅದು ಸುಳ್ಳೇನಲ್ಲ.

ಹೀಗಿರುವಾಗ ಅಣ್ಣ ಮೋಟಾರಿನ ಯಾವುದೋ ಸಾಮಾನು ಕೊಳ್ಳಲು ತುಮಕೂರಿಗೆ ಬಂದವನು ಊಟಕ್ಕೆ ಮನೆಗೆ ಬಂದ. ನಾನು ಗಿಟುಕನ ಕಿವಿಯಂಚು ಚುಚ್ಚಿ ಮೀಟರ್ ನೋಡುತ್ತಿದ್ದೆ. ಅಣ್ಣ ಬಾಗಿಲಲ್ಲೇ ನಿಂತ.

"ಏನ್ಲಾ ರಾಜ, ಇದೇನ್ ಮಾಡ್ತಿದ್ದೀಯಾ?"

"ಶುಗರ್ ನೋಡ್ತಿದ್ದೀನಣ್ಣ."

"ಬೆಕ್ಕಿಗಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಒಂದು ಚೊಂಬು ನೀರು ಎತ್ತಿ ಕುಡಿದ. ಕೈ ತೊಳೆದು ಬಂದು ಇನ್ನೊಂದು ಚೊಂಬು ಕುಡಿದ. ಊಟದ ನಡುವೆ ಮತ್ತೆ ಕೇಳಿದ. ಅಂಗಿಯ ಕಾಲರಿನಲ್ಲಿ ಕತ್ತು ತೆಳ್ಳಗಾಗಿದ್ದನ್ನು ಆಗ ಗಮನಿಸಿದೆ. ಎಡಗಾಲಿನ ಹೆಬ್ಬೆರಳಿಗೆ ಹಳೆಯ ಪಂಚೆಯ ಚೂರು ಸುತ್ತಿಕೊಂಡಿದ್ದ. ಕೇಳಿದರೆ, "ತೋಟದಲ್ಲಿ ಗರಿ ಮಟ್ಟೆ ಬಿತ್ತು. ಯುಗಾದಿಗೆ ಮುಂಚೆ. ಅದೇನೋ ಮಾಯ್ತಾನೇ ಇಲ್ಲ ಹಾಳಾದ್ದು" ಎಂದ. ಆಗ ಆಷಾಢ.

"ಅಣ್ಣ, ಬೆರಳು ಕೊಡು" ಎಂದೆ.

"ಬೆಕ್ಕಿಂದು ನಂಗ್ಯಾಕ್ಲಾ?" ಎಂದರೂ ತಮಾಷೆಗೆ ಕೊಟ್ಟ. ಮೀಟರಿನಲ್ಲಿ ಅಂಕಿ ಬರಲಿಲ್ಲ, ಇಂಗ್ಲಿಷಿನ ಎರಡು ಅಕ್ಷರ ಬಂತು. ಅಣ್ಣ ಕನ್ನಡಕ ಏರಿಸಿ ಓದಿದ. "ಹಾಯ್ ಅಂತೈತೆ ಕಣೋ. ಮಾತಾಡ್ಸುತ್ತೆ ಇದು."

ಮೀಟರ್ ಅಳೆಯುವ ಮಿತಿಯನ್ನೂ ದಾಟಿದರೆ ಹಾಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗಿಟುಕನಿಗೆ ಎಂದೂ ಬಂದಿರಲಿಲ್ಲ. ಅಣ್ಣ ಇನ್ನೂ ನಗುತ್ತಿದ್ದ.

ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಪಂಚೆಯ ಚೂರು ಬಿಚ್ಚಿದಾಗ ಡಾಕ್ಟರ ಮುಖ ಬದಲಾಯಿತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಬೆರಳಿಗಷ್ಟೇ ನಿಲ್ಲುತ್ತಿರಲಿಲ್ಲ, ಪಾದವೇ ಹೋಗುತ್ತಿತ್ತು ಎಂದರು. ದಿನಾ ಡ್ರೆಸ್ಸಿಂಗ್, ಎರಡು ಹೊತ್ತೂ ಇನ್ಸುಲಿನ್. ಮಂಗಳ, "ಭಾವ, ಕಾಲು ವಾಸಿಯಾಗೋ ತನಕ ನೀವು ಇಲ್ಲೇ ಇರ್ಬೇಕು" ಎಂದಳು. ಹಸು, ತೋಟ ಎಂದು ಅತ್ತಿಗೆ ಕಡಬದಲ್ಲೇ ಉಳಿದರು. ಹೀಗೆ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಮೊಸರಿನ ಪಕ್ಕ ಎರಡು ಬಾಟಲಿಗಳಾದವು. ಒಂದು ಗಿಟುಕನದು, ಒಂದು ಅಣ್ಣನದು. ಅದಲುಬದಲಾದೀತು ಎಂಬ ಭಯ ಬೇರೆ ಸೇರಿ ನಾನು ಫ್ರಿಜ್ ತೆಗೆಯುವುದು ಮುಚ್ಚುವುದು ಹೆಚ್ಚಾಯಿತು.

ಮಂಗಳ ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲವನ್ನೂ ಮೇಲಿನ ಮನೆಯವರಿಗೆ ಕೊಟ್ಟುಬಿಟ್ಟಳು. ಅಣ್ಣ ಸೊಪ್ಪು, ಮುದ್ದೆ, ಮಜ್ಜಿಗೆ ಎಂದು ವಿಧೇಯನಾಗಿ ಉಣ್ಣುತ್ತಿದ್ದ. ಆದರೂ ಅವನ ಅಂಕಿ ಇಳಿಯಲೊಲ್ಲದು. ಗಿಟುಕನದು ಮಾತ್ರ ತಾನಾಗಿ ಇಳಿಯುತ್ತ ಬಂತು. "ಮೀಟ್ರೇ ಸರಿಯಿಲ್ಲ. ಬೆಕ್ಕಿಂದಲ್ವಾ, ಮನುಷ್ರುದ್ದು ಅದಕ್ ಗೊತ್ತಾಗಲ್ಲ" ಎಂದು ಅಣ್ಣ ವಾದಿಸುತ್ತಿದ್ದ. ಬೆಳಿಗ್ಗೆ ಮೂವರೂ ಸಾಲಾಗಿ ಅಡುಗೆಮನೆಯಲ್ಲಿ ಕೂರುತ್ತಿದ್ದೆವು. ಗಿಟುಕ ಕಿವಿ ಕೊಡುತ್ತಿದ್ದ, ಅಣ್ಣ ಬೆರಳು ಕೊಡಲು ನೂರು ನೆಪ ಹೇಳುತ್ತಿದ್ದ. "ಅದಕ್ಕೆ ಬಾಯಿಲ್ಲ, ಅದಕ್ಕೇ ಸುಮ್ನೆ ಕೂತದೆ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಗಿಟುಕ ಮಂಚದಿಂದ ಇಳಿದು ಅಡುಗೆಮನೆಯ ಕಡೆ ಬಂದ. ಹೊಸಿಲ ಬಳಿ ತೂರಾಡಿದ. ಮುಂಗಾಲು ಮಡಿಸಿಕೊಂಡು ಪಕ್ಕಕ್ಕೆ ಬಿದ್ದ. ದವಡೆ ನಡುಗುತ್ತಿತ್ತು, ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಮಂಗಳಾಗೆ ಫೋನ್ ಮಾಡಿದೆ.

"ಶುಗರ್ ಇಳಿದುಬಿಟ್ಟಿದೆ ಕಣ್ರೀ. ಸಕ್ಕರೆ ನೀರು ಮಾಡಿ ಒಸಡಿಗೆ ಹಚ್ಚಿ. ಕುಡಿಸೋಕೆ ಹೋಗ್ಬೇಡಿ, ಹಚ್ಚಿ ಅಷ್ಟೇ. ಬೇಗ" ಎಂದಳು.

ಸಕ್ಕರೆ ಎಲ್ಲಿದೆ? ಡಬ್ಬಗಳನ್ನು ಒಂದೊಂದಾಗಿ ತೆಗೆದೆ. ರಾಗಿಹಿಟ್ಟು, ಮೆಂತ್ಯ, ಹುರಿಗಡಲೆ. ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಓಡಿದೆ, ಬೀಗ. ಇಳಿದು ಬಂದೆ, ಚಪ್ಪಲಿ ಹುಡುಕಿದೆ, ಅಂಗಡಿಗೆ ಎಂದು ಗೇಟಿನವರೆಗೆ ಹೋದೆ, ಅವನನ್ನು ಬಿಟ್ಟು ಹೇಗೆ ಹೋಗಲಿ ಎಂದು ವಾಪಸು ಬಂದೆ.

"ಲೇ ರಾಜ, ನಿಂತ್ಕಳ್ಳೋ ಒಂದ್ ಕಡೆ" ಎಂದ ಅಣ್ಣ.

ಅವನು ಪಂಚೆ ಎತ್ತಿ, ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಕೈ ಹಾಕಿ ಕಾಗದದ ಒಂದು ಪೊಟ್ಟಣ ತೆಗೆದ. ಒಳಗೆ ಅರ್ಧ ಅಚ್ಚು ಬೆಲ್ಲ. ಅಂಗೈಯಲ್ಲಿ ಮುರಿದು, ನಾಲ್ಕು ಹನಿ ನೀರು ಬಿಟ್ಟು ಹೆಬ್ಬೆರಳಲ್ಲಿ ಅರೆದ. ಕಟ್ಟು ಹಾಕಿದ ಕಾಲು ಚಾಚಿ ನೆಲಕ್ಕೆ ಕೂತು, ಗಿಟುಕನ ತುಟಿ ಸರಿಸಿ ಒಸಡಿಗೆ ತಿಕ್ಕಿದ. ಮತ್ತೆ ಅರೆದ, ಮತ್ತೆ ತಿಕ್ಕಿದ. ನಾನು ಪಕ್ಕದಲ್ಲಿ ಕೂತು ಗಿಟುಕನ ತಲೆ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ದವಡೆಯ ನಡುಕ ನಿಂತಿತು. ಗಿಟುಕ ನಾಲಿಗೆ ಹೊರಚಾಚಿ ಅಣ್ಣನ ಬೆರಳು ನೆಕ್ಕಿದ.

"ಬಂದ ಕಣೋ" ಎಂದ ಅಣ್ಣ. ಆಮೇಲೆ ನನ್ನ ಮುಖ ನೋಡಿದ. ನಾನು ಬೆಲ್ಲದ ಕಾಗದ ನೋಡುತ್ತಿದ್ದೆ.

ಆಟೋದಲ್ಲಿ ಗಿಟುಕನನ್ನು ಡಾಕ್ಟರ ಬಳಿ ಒಯ್ದೆವು. ಅಣ್ಣನೂ ಕುಂಟುತ್ತ ಬಂದ. ರಕ್ತ ಪರೀಕ್ಷೆ ಮಾಡಿ ಅವರು ಹೇಳಿದ್ದು ಇಷ್ಟು: ಗಿಟುಕನ ಕಿಡ್ನಿ ಸೋಲುತ್ತಿದೆ. ಕಿಡ್ನಿ ಸೋತರೆ ಇನ್ಸುಲಿನ್ ಬೇಗ ಕರಗದೆ ಮೈಯಲ್ಲೇ ಉಳಿಯುತ್ತದೆ, ಹಳೆಯ ಅಳತೆ ಈಗ ಅತಿಯಾಗಿದೆ. ಅಳತೆ ಇಳಿಸಬೇಕು, ಚರ್ಮದಡಿ ನೀರಿನ ಡ್ರಿಪ್ ಕೊಡಬೇಕು. ವಾಸಿಯಾಗುವುದಲ್ಲ, ಇರುವಷ್ಟು ದಿನ ಹಗುರಾಗಿರಬಹುದು.

ಅಣ್ಣ ಗಂಟಲು ಸರಿಮಾಡಿಕೊಂಡ. "ಮೇಡಂ, ಶುಗರ್ ಇದ್ದೋರ್ಗೆಲ್ಲ ಕಿಡ್ನಿಗೂ ಬತ್ತದಾ?"

"ಬೆಕ್ಕುಗಳಿಗೆ ವಯಸ್ಸಾದ ಮೇಲೆ ಹೇಗೂ ಬರುತ್ತೆ. ಮನುಷ್ಯರಿಗಾದ್ರೆ, ಶುಗರ್ ಹಿಡಿತದಲ್ಲಿ ಇಟ್ಕೊಳ್ದಿದ್ರೆ ಬರುತ್ತೆ ಯಜಮಾನ್ರೇ. ಇಟ್ಕೊಂಡ್ರೆ ತಪ್ಪಿಸ್ಕೋಬಹುದು."

ವಾಪಸು ಬರುವಾಗ ದಾರಿಯುದ್ದಕ್ಕೂ ಅಣ್ಣ ಗಿಟುಕನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸಂಜೆ ಮಂಗಳ ಬಂದ ಮೇಲೆ ಜೇಬುಗಳನ್ನೆಲ್ಲ ಮೇಜಿನ ಮೇಲೆ ಖಾಲಿ ಮಾಡಿದ. ಬೆಲ್ಲದ ಚೂರು, ಎರಡು ಕೊಬ್ಬರಿ ಮಿಠಾಯಿ, ಕಲ್ಲುಸಕ್ಕರೆ.

"ಎಲ್ಲಾದ್ರೂ ಎತ್ತಿಡಮ್ಮ ಇದನ್ನ. ಅವನಿಗೆ ಬೇಕಾಗ್ಬಹುದು. ನನ್ ಕಣ್ಣಿಗ್ ಬೀಳಂಗೆ ಇಡಬೇಡ" ಎಂದ.

ಮಂಗಳ ಬೈಯಲಿಲ್ಲ. ಎಲ್ಲವನ್ನೂ ತೆಗೆದುಕೊಂಡು ಒಳಗೆ ಹೋದಳು. ಅವಳು ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ; ಅದು ನಗುವೋ ಅಳುವೋ ಕೇಳಲಿಲ್ಲ.

ಮರುದಿನದಿಂದ ಡ್ರಿಪ್. ನಡುಮನೆಯ ಸೂರಿನಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇತ್ತು, ಬಾಟಲಿಯನ್ನು ಅದಕ್ಕೆ ತೂಗುಹಾಕಿದೆವು. ಅಣ್ಣ ತೊಡೆಯ ಮೇಲೆ ಟವೆಲ್ ಹಾಸಿ ಗಿಟುಕನನ್ನು ಕೂರಿಸಿಕೊಳ್ಳುತ್ತಿದ್ದ, ನಾನು ಸೂಜಿ ಚುಚ್ಚುತ್ತಿದ್ದೆ. ನೀರು ಇಳಿದಂತೆ ಹೆಗಲ ಬಳಿ ಚರ್ಮ ಉಬ್ಬಿ ಒಂದು ಸಣ್ಣ ಗೂನಾಗುತ್ತಿತ್ತು. "ಹೋರಿ ಕಣೋ ಇವನು, ಇಣಿ ನೋಡು ಹೆಂಗೈತೆ" ಎನ್ನುತ್ತಿದ್ದ ಅಣ್ಣ. ನೀರಿಳಿಯುವ ಹೊತ್ತೆಲ್ಲ ಅವನಿಗೆ ಊರಿನ ಸುದ್ದಿ ಹೇಳುತ್ತಿದ್ದ. ಕೆರೆಗೆ ಎಷ್ಟು ನೀರು ಬಂತು, ಯಾರ ಮರಕ್ಕೆ ನುಸಿ ಬಿತ್ತು, ಯಾರು ಯಾರ ಮೇಲೆ ಬದುವಿನ ಜಗಳ ತೆಗೆದರು. ಗಿಟುಕ ಕಣ್ಣು ಕಿರಿದು ಮಾಡಿಕೊಂಡು ಕೇಳುತ್ತಿದ್ದ. ಮುಗಿದ ಮೇಲೆ ಅಣ್ಣ ತನ್ನ ಅಂಗಿ ಎತ್ತಿ, ಅದೇ ಕೂತ ಜಾಗದಲ್ಲಿ ಹೊಟ್ಟೆಗೆ ತಾನೇ ಇನ್ಸುಲಿನ್ ಹಾಕಿಕೊಳ್ಳುತ್ತಿದ್ದ. ಯಾವಾಗ ಕಲಿತನೋ, ಮಂಗಳ ಕಲಿಸಿದಳೋ, ನೋಡಿ ನೋಡಿ ಬಂತೋ, ತಿಳಿಯದು. ಅವನ ಅಂಕಿ ಇಳಿಯಿತು. ಹೆಬ್ಬೆರಳಿನ ಕಪ್ಪು ಹೋಗಿ ಕೆಂಪು ಮಾಂಸ ಕಂಡಿತು.

ಗಿಟುಕ ದೀಪಾವಳಿಯವರೆಗೆ ಇದ್ದ. ಪಟಾಕಿ ಸದ್ದಿಗೆ ಅಣ್ಣ ಅವನ ಕಿವಿಗೆ ಅಂಗೈ ಮುಚ್ಚಿ ಕೂತಿದ್ದ. ಆಮೇಲೆ ತಿನ್ನುವುದು ನಿಂತಿತು. ಬೇಯಿಸಿದ ಕೋಳಿಯ ಸಾರು, ಡಾಕ್ಟರು ಕೊಟ್ಟ ಮೆತ್ತನೆಯ ಆಹಾರ, ಬೆರಳಿಗೆ ಹಚ್ಚಿಕೊಂಡ ತುಪ್ಪ, ಏನು ಹಿಡಿದರೂ ಮೂಸಿ ಮುಖ ತಿರುಗಿಸುತ್ತಿದ್ದ. ಇನ್ನು ಸೂಜಿ ಬೇಡ, ನೋವು ತಿಳಿಯದ ಹಾಗೆ ಬಾಯಿಗೆ ಬಿಡುವ ಔಷಧಿ ಕೊಡುತ್ತೇನೆ, ಮನೆಯಲ್ಲೇ ಇರಲಿ, ಪಕ್ಕದಲ್ಲಿರಿ ಸಾಕು ಎಂದರು ಡಾಕ್ಟರು.

ಪಕ್ಕದಲ್ಲಿರುವುದೇ ನನಗೆ ಬಾರದ ವಿದ್ಯೆ. ಮಾಡಲು ಏನಾದರೂ ಕೆಲಸವಿದ್ದರೆ ಮಾಡಿಯೇನು. ಆ ಮಧ್ಯಾಹ್ನ ಬಟ್ಟಲು ತೊಳೆದೆ, ಟವೆಲ್ ಬದಲಿಸಿದೆ, ಕಿಟಕಿ ತೆರೆದೆ, ಬಿಸಿಲು ಬೀಳುತ್ತದೆಂದು ಮುಚ್ಚಿದೆ, ಸೆಕೆಯೆಂದು ಮತ್ತೆ ತೆರೆದೆ. ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ. ಗಿಟುಕ ಚಾಪೆಯ ಮೇಲೆ ಮಲಗಿದ್ದವನು ನನ್ನ ಕಾಲಿನ ಸದ್ದು ಹೋದ ಕಡೆಗೆಲ್ಲ ತಲೆ ಎತ್ತುತ್ತಿದ್ದ.

"ಕೂತ್ಕಳ್ಳೋ" ಎಂದ ಅಣ್ಣ ಮೆಲ್ಲಗೆ. "ನೀನ್ ಎದ್ದೆದ್ದು ಹೋದ್ರೆ ಅವನು ಹುಡುಕ್ತಾನೆ. ನೀನ್ ಕೂತ್ರೆ ಅವನು ಮಲಿಕ್ಕಂತಾನೆ."

ಕೂತೆ. ಅಣ್ಣ ಅವನನ್ನು ಎತ್ತಿ ನನ್ನ ತೊಡೆಗೆ ಕೊಟ್ಟ. ಎಲುಬು, ಚರ್ಮ, ಒಂದಿಷ್ಟು ಬಿಸುಪು, ಅಷ್ಟೇ ಉಳಿದಿದ್ದ. ತಲೆಯನ್ನು ನನ್ನ ಮೊಣಕೈ ಸಂದಿಗೆ ತೂರಿಸಿ ಗದ್ದ ಊರಿದ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಕಾಲು ಜೋಮು ಹಿಡಿಯಿತು, ಅಲುಗಾಡಿಸಲಿಲ್ಲ. ಮಂಗಳ ಅವತ್ತು ಬೇಗ ಬಂದಳು. ಚಪ್ಪಲಿ ಬಿಟ್ಟವಳೇ ಬಂದು ಅವನ ಎದೆಯ ಮೇಲೆ ಎರಡು ಬೆರಳಿಟ್ಟು ನೋಡಿ, ಬೆರಳು ತೆಗೆಯದೆ ಹಾಗೇ ಕೂತುಕೊಂಡಳು. ಆಗ ನನಗೆ ತಿಳಿಯಿತು. ಅವಳ ಆಸ್ಪತ್ರೆಯ ವಾಸನೆಗೆ ಗಿಟುಕ ಎದ್ದು ಹೋಗಲಿಲ್ಲ.

ಕಾಂಪೌಂಡಿನ ದಾಸವಾಳದ ಬುಡದಲ್ಲಿ ಅಣ್ಣನೇ ಗುಂಡಿ ತೋಡಿದ. ಗಾಯ ಇನ್ನೂ ಮಾಯುತ್ತಿದ್ದ ಕಾಲಲ್ಲಿ ಗುದ್ದಲಿ ಬೇಡ ಎಂದರೆ ಕೇಳಲಿಲ್ಲ. ವಾರ ಕಳೆದ ಮೇಲೆ ಡಾಕ್ಟರು ಇನ್ನು ಹೋಗಬಹುದು ಎಂದರು, ಅವನು ಊರಿಗೆ ಹೊರಟ. ದಿನಾ ಬೆಳಿಗ್ಗೆ ಫೋನ್ ಮಾಡಬೇಕು ಎಂದು ಕರಾರು ಹಾಕಿ ಕಳಿಸಿದೆ. ಮಾಡುತ್ತಿದ್ದ. "ಉಂಡೆ, ಹಾಕ್ಕೊಂಡೆ" ಎಂಬ ಎರಡೇ ಮಾತು. ಇಟ್ಟುಬಿಡುತ್ತಿದ್ದ.

ಒಂದು ಬೆಳಿಗ್ಗೆ ಫೋನ್ ಬರಲಿಲ್ಲ. ನಾನೇ ಮಾಡಿದೆ, ಸ್ವಿಚ್ ಆಫ್. ಅತ್ತಿಗೆಗೆ ಮಾಡಿದರೆ ಅವರು ಯಡಿಯೂರಿಗೆ ಪೂಜೆಗೆ ಹೋಗಿದ್ದರು. "ನಾನ್ ಬರೋವಾಗ ಚೆನ್ನಾಗೇ ಇದ್ರಲ್ಲಪ್ಪ" ಎಂದರು. ನನಗೆ ಗಿಟುಕನ ಹಾಗೆ ಹೊಸಿಲ ಬಳಿ ತೂರಾಡಿ ಬೀಳುವುದೊಂದೇ ಕಣ್ಣಮುಂದೆ. ಹೇಗೆ ಹೊರಟೆನೋ, ಗುಬ್ಬಿಯ ಬಸ್ಸಿನಲ್ಲಿ ಕೂತ ಮೇಲೆ ನೋಡಿಕೊಂಡರೆ ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಗುಬ್ಬಿಯಲ್ಲಿ ಇಳಿದು ಕಡಬದ ಬಸ್ಸು ಕಾಯಲಾರದೆ ಒಂದು ಆಟೋ ಹಿಡಿದೆ. ಮನೆಗೆ ಬೀಗ. ತೋಟದ ಕಡೆ ಓಡಿದೆ.

ಅಣ್ಣ ಪಂಚೆ ಎತ್ತಿ ಕಟ್ಟಿ, ತೆಂಗಿನ ಪಾತಿಗೆ ನೀರು ತಿರುವುತ್ತಿದ್ದ. ಕಾಲಿಗೆ ಬೂಟು ಹಾಕಿದ್ದ. ನನ್ನನ್ನು ನೋಡಿ ಗಾಬರಿಯಾದ.

"ಏನ್ಲಾ ರಾಜ? ಏನಾಯ್ತೋ?"

"ಫೋನ್ ಯಾಕ್ ಮಾಡಿಲ್ಲ?"

"ಕರೆಂಟ್ ಇರ್ನಿಲ್ಲ ಕಣೋ. ಬ್ಯಾಟ್ರಿ ಹೋಗಿತ್ತು. ಈಗ ಬಂತು, ಮೋಟ್ರು ಹಾಕ್ದೆ." ನನ್ನ ಅಂಗಿ ನೋಡಿದ, ಮುಖ ನೋಡಿದ. "ಉಂಡೆ, ಹಾಕ್ಕೊಂಡೆ" ಎಂದು ಮೆಲ್ಲಗೆ ಸೇರಿಸಿದ.

ಬದುವಿನ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮಂಗಳ. ಅವಳಿಗೂ ಹೇಳದೆ ಹೊರಟಿದ್ದೆ.

"ಎಲ್ಲಿದೀರಾ ನೀವು? ನಿಮ್ಮತ್ತಿಗೆ ಫೋನ್ ಮಾಡಿದ್ರು. ಭಾವ ಹೇಗಿದಾರೆ?"

"ಚೆನ್ನಾಗಿದಾನೆ. ನೀರು ಕಟ್ತಿದಾನೆ."

"ನೀವು?"

ನಾನು ಒಂದು ಕೈಯಲ್ಲಿ ಅಂಗಿಯ ತಪ್ಪಿದ ಗುಂಡಿ ಬಿಚ್ಚತೊಡಗಿದೆ. ಅಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು ಫೋನ್ ಇಸಿದುಕೊಂಡ.

"ಇಲ್ಲೇ ಕೂತವ್ನೆ ಕಣಮ್ಮ" ಎಂದ. "ಎರಡು ದಿನ ಇಲ್ಲೇ ಇರ್ಲಿ ಬುಡು. ನಾನ್ ನೋಡ್ಕಂತೀನಿ."